ಹ್ಯಾಗಿಸ್: ಯಾವ ಪ್ಯಾಕ್ ಕೊಳ್ಳಬೇಕು, ಹೇಗೆ ಬಿಸಿ ಮಾಡಬೇಕು, ಯಾವುದರ ಜೊತೆ ತಿನ್ನಬೇಕು

ಬೋಟಿ ಗೊಜ್ಜು, ಲಿವರ್ ಫ್ರೈ ಇಷ್ಟಪಟ್ಟು ತಿನ್ನುವವರು ಸ್ಕಾಟ್ಲೆಂಡಿನ ಮಾಂಸದ ತಿನಿಸು ಹ್ಯಾಗಿಸ್ ಹೆಸರು ಕೇಳಿ ಹಿಂಜರಿಯಬೇಕಾಗಿಲ್ಲ. ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶ ಬೇಯಿಸಿ ಕೈಮಾ ಮಾಡಿ, ಅದಕ್ಕೆ ಓಟ್ಸ್ ನುಚ್ಚು, ಈರುಳ್ಳಿ, ಗಟ್ಟಿ ಕೊಬ್ಬು, ಉಪ್ಪು, ಧಾರಾಳವಾಗಿ ಮೆಣಸು ಬೆರೆಸಿ, ಚೀಲಕ್ಕೆ ತುಂಬಿ ಮತ್ತೆ ಬೇಯಿಸುತ್ತಾರೆ. ಹಿಂದೆ ಆ ಚೀಲ ಕುರಿಯ ಹೊಟ್ಟೆಯೇ ಆಗಿತ್ತು. ಈಗ ಸ್ಕಾಟ್ಲೆಂಡಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುವ ಹೆಚ್ಚಿನವಕ್ಕೆ ಕೃತಕ ಹೊದಿಕೆ. ಅದನ್ನು ತಿನ್ನುವಂತಿಲ್ಲ, ಸೀಳಿ ಬಿಸಾಡಬೇಕು. ಲಿವರಿನ ವಾಸನೆ ಅಷ್ಟಾಗಿ ಬರುವುದಿಲ್ಲ. ಮೊದಲು ಮೆಣಸಿನ ಖಾರ, ಹಿಂದೆಯೇ ಜಾಯಿಕಾಯಿ, ಕೊನೆಗೆ ಬಾಯಲ್ಲಿ ಉಳಿಯುವುದು ಓಟ್ಸಿನ ಕಂಪು.

ಒಳ್ಳೆಯ ಹ್ಯಾಗಿಸ್ ಯಾವುದೆಂದು ಹೇಳುವುದು ಆ ಓಟ್ಸೇ. ಹೊದಿಕೆಗೆ ಚಾಕು ತಾಗಿಸಿದ ಕೂಡಲೇ ಸೀಳು ತಾನಾಗಿ ಬಾಯಿ ಬಿಟ್ಟು, ಹಬೆಯ ಜೊತೆ ಕಂದುಬಣ್ಣದ ಹೂರಣ ಹೊರಗೆ ಉಬ್ಬಬೇಕು. ಫೋರ್ಕಿನಲ್ಲಿ ಕೆದಕಿದರೆ ನುಚ್ಚು ಒಂದೊಂದೂ ಬಿಡಿಯಾಗಿ ಕಾಣಬೇಕು, ಕೊಬ್ಬಿನಿಂದ ಮಿರುಗಬೇಕು. ಹದವಾದ ಉಪ್ಪಿಟ್ಟಿನ ಹಾಗೆ: ಉದುರುದುರು, ಆದರೆ ಒಣಕಲಲ್ಲ. ಓಟ್ಸನ್ನು ನುಣ್ಣಗೆ ಅರೆದು ಹಾಕಿದ್ದರೆ ಅಂಟಂಟಾಗಿ ಪೇಸ್ಟಿನಂತಾಗುತ್ತದೆ. ಡಬ್ಬಿಯ ಹ್ಯಾಗಿಸ್ ಇದೇ ಕಾರಣಕ್ಕೆ ಸೋಲುತ್ತದೆ, ತುರ್ತಿಗಷ್ಟೇ ಸರಿ.

ಮೊದಲ ಸಲಕ್ಕೆ 454 ಗ್ರಾಂನ ಉಂಡೆ ಕೊಳ್ಳಿ. ಇಬ್ಬರಿಗೆ ಹೊಟ್ಟೆ ತುಂಬ, ಮೂವರಿಗೆ ಸಾಕು. ಎಡಿನ್‌ಬರೊದ ಮ್ಯಾಕ್‌ಸ್ವೀನ್ ಸುಲಭವಾಗಿ ಸಿಗುವ ಬ್ರ್ಯಾಂಡ್. ಹತ್ತಿರದಲ್ಲಿ ಸ್ವಂತ ಹ್ಯಾಗಿಸ್ ಮಾಡುವ ಮಾಂಸದಂಗಡಿ ಇದ್ದರೆ ಅದಕ್ಕೇ ಮೊದಲ ಮಣೆ: ನುಚ್ಚು ದಪ್ಪ, ಮೆಣಸು ಜಾಸ್ತಿ. ಚೀಟಿ ಓದದೆ ಮಾತ್ರ ಕೊಳ್ಳಬೇಡಿ. 'ಕುರಿಯದು' ಎಂದುಕೊಂಡ ಹ್ಯಾಗಿಸ್‌ನಲ್ಲಿ ಹಲವು ಬಾರಿ ದನದ ಕೊಬ್ಬು ಇರುತ್ತದೆ, ಕೆಲವದರಲ್ಲಿ ಹಂದಿಯ ಲಿವರ್ ಕೂಡ. ದನ, ಹಂದಿ ತಿನ್ನದವರು ಇದನ್ನು ನೋಡಲೇಬೇಕು. ಹಲಾಲ್ ಹ್ಯಾಗಿಸ್ ಬೇರೆಯಾಗಿ ಸಿಗುತ್ತದೆ.

ಪ್ಯಾಕಿನಲ್ಲಿರುವುದು ಆಗಲೇ ಬೆಂದದ್ದು, ನಮ್ಮ ಕೆಲಸ ಒಣಗಿಸದೆ ಬಿಸಿ ಮಾಡುವುದಷ್ಟೇ. ಹೊರಗಿನ ಪ್ಲಾಸ್ಟಿಕ್ ತೆಗೆದು ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ, ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ, 180 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆಗಿಂತ ತುಸು ಹೆಚ್ಚು ಇಡಿ. ಪ್ಯಾಕಿನ ಮೇಲೆ ಬೇರೆ ಸಮಯ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ನೀರಿನಲ್ಲಿ ಬಿಸಿ ಮಾಡುವುದಾದರೆ ಕೊತಕೊತ ಕುದಿಸಬೇಡಿ. ಹೊದಿಕೆ ಒಡೆದು ಹೂರಣವೆಲ್ಲ ನೀರುಪಾಲಾಗುತ್ತದೆ. ಮೈಕ್ರೊವೇವ್‌ಗೆ ಇಡುವ ಮುಂಚೆ ಹೊದಿಕೆಯನ್ನೂ ತುದಿಯ ಲೋಹದ ಕ್ಲಿಪ್ಪುಗಳನ್ನೂ ತೆಗೆದು, ಬಟ್ಟಲಲ್ಲಿ ಪುಡಿ ಮಾಡಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿಡಿ. ಅರ್ಧ ಸಮಯಕ್ಕೆ ಒಮ್ಮೆ ಕೆದಕಿ. ನಟ್ಟನಡುವೆಯೂ ಹಬೆ ಏಳಬೇಕು.

ಜೊತೆಗೆ ನೀಪ್ಸ್ ಮತ್ತು ಟ್ಯಾಟೀಸ್, ಅಂದರೆ ಹಳದಿ ತಿರುಳಿನ ಸ್ವೀಡ್ ಗೆಡ್ಡೆ ಮತ್ತು ಆಲೂಗಡ್ಡೆ. ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್ ನೆನಪಿಗೆ ಜನವರಿ 25ರಂದು ಆಚರಿಸುವ ಬರ್ನ್ಸ್ ರಾತ್ರಿಯ ಊಟವೂ ಇದೇ. ಸ್ವೀಡ್‌ನ ಸಿಹಿ ಮೆಣಸಿನ ಖಾರವನ್ನು ತಡೆದು ನಿಲ್ಲಿಸುತ್ತದೆ, ಅದಿಲ್ಲದ ತಟ್ಟೆ ಅರ್ಧ ತಟ್ಟೆ. 500 ಗ್ರಾಂ ಸ್ವೀಡನ್ನು 2 ಸೆಂ.ಮೀ. ತುಂಡು ಮಾಡಿ 25 ನಿಮಿಷ ಬೇಯಿಸಿ, ನೀರು ಬಸಿದು, ಖಾಲಿ ಪಾತ್ರೆಯಲ್ಲೇ ಸಣ್ಣ ಉರಿಯಲ್ಲಿ ಎರಡು ನಿಮಿಷ ಆರಿಸಿ. ಆಮೇಲೆ 25 ಗ್ರಾಂ ಬೆಣ್ಣೆ, ಮೆಣಸು ಹಾಕಿ ಕಿವುಚಿ. ಆರಿಸುವುದನ್ನು ಬಿಟ್ಟರೆ ನೀರು ಹರಿದು ಹ್ಯಾಗಿಸ್‌ನ ಬುಡ ಸೇರುತ್ತದೆ. ಆಲೂಗಡ್ಡೆಗೆ ಬಿಸಿ ಹಾಲು, ಬೆಣ್ಣೆ ಸಾಕು. ವಿಸ್ಕಿ ಸಾಸ್ ಬೇಕಿದ್ದರೆ 50 ಮಿ.ಲೀ. ವಿಸ್ಕಿಯನ್ನು ಉರಿಯಿಂದ ಇಳಿಸಿದ ಬಾಣಲೆಗೆ ಸುರಿದು, ಮತ್ತೆ ಉರಿಯ ಮೇಲಿಟ್ಟು ಅರ್ಧಕ್ಕೆ ಇಂಗಿಸಿ, 200 ಮಿ.ಲೀ. ಡಬಲ್ ಕ್ರೀಮ್ (ಕೊಬ್ಬು ಹೆಚ್ಚಿರುವ ಗಟ್ಟಿ ಕ್ರೀಮ್), ಒಂದು ಚಮಚ ಸಾಸಿವೆ ಪೇಸ್ಟ್ ಸೇರಿಸಿ. ತೆಳುವಾದ ಸಿಂಗಲ್ ಕ್ರೀಮ್ ಹಾಕಿದರೆ ಒಡೆಯುವ ಸಂಭವ ಹೆಚ್ಚು.

ಉಳಿದದ್ದಕ್ಕೆ ಮಾರನೆಯ ದಿನ ಇನ್ನೊಂದು ರುಚಿ. ಫ್ರಿಜ್ಜಿನಲ್ಲಿ ಗಟ್ಟಿಯಾದದ್ದನ್ನು ಒಂದೂವರೆ ಸೆಂ.ಮೀ. ದಪ್ಪಕ್ಕೆ ಕೊಯ್ದು, ಕಾದ ಕಾವಲಿಯಲ್ಲಿ ಒಂದೊಂದು ಬದಿಗೆ ನಾಲ್ಕು ನಿಮಿಷ. ನಡುವೆ ಅಲುಗಾಡಿಸಬೇಡಿ, ಗರಿಗರಿ ಪದರ ಕಟ್ಟದೆ ಪುಡಿಯಾಗುತ್ತದೆ. ಟೋಸ್ಟ್ ಮೇಲಿಟ್ಟು ಹಳದಿ ಹರಿಯುವ ಮೊಟ್ಟೆ ಹಾಕಿಕೊಂಡರೆ ಬೆಳಗಿನ ತಿಂಡಿಗೆ ಬೇರೇನೂ ಬೇಡ.

ನಮ್ಮ ನಾಲಿಗೆಗೆ ತಕ್ಷಣ ಒಗ್ಗುವುದು ಪಕೋಡ. ಸ್ಕಾಟ್ಲೆಂಡಿನ ಭಾರತೀಯ ರೆಸ್ಟೋರೆಂಟುಗಳ ಮೆನುವಿನಲ್ಲಿ ಹ್ಯಾಗಿಸ್ ಪಕೋಡ ಈಗ ಮಾಮೂಲು. ಮನೆಯಲ್ಲಿ ಮಾಡುವವರು ತಣ್ಣಗಿನ ಹ್ಯಾಗಿಸ್‌ನಿಂದಲೇ ನಿಂಬೆಹಣ್ಣಿಗಿಂತ ಸಣ್ಣ ಉಂಡೆ ಕಟ್ಟಿ. ಬೆಚ್ಚಗಿದ್ದರೆ ಕೊಬ್ಬು ಕರಗಿ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಕಡಲೆಹಿಟ್ಟಿನ ಹಿಟ್ಟು ಬೋಂಡಾ ಹಿಟ್ಟಿಗಿಂತ ಗಟ್ಟಿ ಇರಲಿ, ಓಮದಕಾಳು ಹಾಕಿ, ಉಪ್ಪು ಚಿಟಿಕೆಗಿಂತ ಹೆಚ್ಚು ಬೇಡ, ಹ್ಯಾಗಿಸ್‌ನಲ್ಲೇ ಸಾಕಷ್ಟಿದೆ. ಜೊತೆಗೆ ಹುಣಸೆ ಚಟ್ನಿಯಂಥ ಹುಳಿ ಬೇಕೇ ಬೇಕು, ಕೊಬ್ಬಿನ ಜಿಡ್ಡು ಕಡಿಯಲು.

ಸಸ್ಯಾಹಾರಿ ಹ್ಯಾಗಿಸ್ ಬಗ್ಗೆ ಅಸಡ್ಡೆ ಬೇಡ. 1984ರಲ್ಲಿ ಸ್ಕಾಟಿಷ್ ಕಾವ್ಯ ಗ್ರಂಥಾಲಯದ ಉದ್ಘಾಟನೆಗೆಂದು ಮ್ಯಾಕ್‌ಸ್ವೀನ್‌ನವರು ಇದನ್ನು ಮಾಡಿದರು. ರಾಜ್ಮಾ, ಬೇಳೆ, ಕ್ಯಾರೆಟ್, ಬೀಜಗಳು, ಅದೇ ಓಟ್ಸ್, ಅದೇ ಮೆಣಸು. ಪ್ರಾಣಿಕೊಬ್ಬು ಇಲ್ಲದ್ದರಿಂದ ಬೇಗ ಒಣಗುತ್ತದೆ, ಬಿಸಿ ಮಾಡುವಾಗ ಒಂದು ಚಮಚ ಬೆಣ್ಣೆ ಸೇರಿಸಿ. ಪಕೋಡಕ್ಕಂತೂ ಮಾಂಸದ್ದಕ್ಕಿಂತ ಇದೇ ಚೆನ್ನಾಗಿ ಉಂಡೆ ಕಟ್ಟುತ್ತದೆ.

ಅಡುಗೆ ಮಾಡುವ ಪಾಡೇ ಬೇಡವೆಂದರೆ ಚಿಪ್ಸ್ ಅಂಗಡಿಗೆ ಹೋಗಿ 'ಹ್ಯಾಗಿಸ್ ಸಪ್ಪರ್' ಕೇಳಿ: ಹಿಟ್ಟಿನಲ್ಲಿ ಅದ್ದಿ ಕರಿದ ಉದ್ದನೆಯ ಹ್ಯಾಗಿಸ್, ಜೊತೆಗೆ ಚಿಪ್ಸ್, ಅಂದರೆ ಅಲ್ಲಿ ದಪ್ಪಗೆ ಉದ್ದಕ್ಕೆ ಹೆಚ್ಚಿ ಕರಿದ ಆಲೂಗಡ್ಡೆ. ಗ್ಲಾಸ್ಗೊದಲ್ಲಿ ಅದರ ಮೇಲೆ ಉಪ್ಪು, ವಿನೆಗರ್. ಎಡಿನ್‌ಬರೊದಲ್ಲಿ ಉಪ್ಪು, ಕಂದು ಸಾಸ್. ಆ ನೀರಾದ ಹುಳಿ ಸಾಸ್ ಹ್ಯಾಗಿಸ್‌ಗೆ ವಿನೆಗರ್‌ಗಿಂತ ಚೆನ್ನಾಗಿ ಹೊಂದುತ್ತದೆ. ಪೊಟ್ಟಣ ಬಿಚ್ಚಿ ಅಲ್ಲೇ ನಿಂತು ತಿನ್ನಿ, ಹತ್ತು ನಿಮಿಷ ಕಳೆದರೆ ಹಿಟ್ಟಿನ ಪದರ ಮೆತ್ತಗಾಗುತ್ತದೆ.