ಡಾಂಗಲ್, ಶಾನ್ಲಿಂಗ್ ಎಮ್0 ಪ್ರೊ, ಸೋನಿ ಎ306: ಮೂರನ್ನೂ ಪಕ್ಕಪಕ್ಕ ಇಟ್ಟು ಕೇಳಿದ್ಮೇಲೆ

ಹಾಡು ಕೇಳೋಕೆ ಬಳಸೋ ಮೂರು ಸಾಧನಗಳ ಹೋಲಿಕೆ ಇದು. ನಾನು ಕೇಳೋದು ಜಾಸ್ತಿ ಹಳೇ ಕಚೇರಿ ರೆಕಾರ್ಡಿಂಗುಗಳು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಜೊತೆಗೆ ಕರ್ನಾಟಕ ಸಂಗೀತದ ಲೈವ್ ಕಚೇರಿಗಳು, ಸಂಜೆ ಹೊತ್ತು ಅಶ್ವತ್ಥ್ ಅವರ ಭಾವಗೀತೆ. ಬಾಸ್ ಗುದ್ದೋ ಥರದ ಮ್ಯೂಸಿಕ್ ಕೇಳೋರಿಗೆ ನನ್ನ ಅಭಿಪ್ರಾಯ ಅಷ್ಟು ಸರಿಹೊಂದಲ್ಲ ಅನ್ಸುತ್ತೆ, ಆದ್ರೂ ಮುಕ್ಕಾಲು ಭಾಗ ಎಲ್ಲರಿಗೂ ಅನ್ವಯಿಸುತ್ತೆ.

ಹೋಲಿಕೆಗೆ ಇಟ್ಕೊಂಡಿದ್ದು ಮೂರು. ಒಂದು, ಆಂಡ್ರಾಯ್ಡ್ ಫೋನಿಗೆ ಆಪಲ್‌ನ ಯುಎಸ್‌ಬಿ-ಸಿ ಹೆಡ್‌ಫೋನ್ ಡಾಂಗಲ್ (ಚಾರ್ಜರ್ ಹಾಕೋ ಜಾಗಕ್ಕೆ ಹೆಡ್‌ಫೋನ್ ಸಿಗಿಸೋಕೆ ಬರೋ ಪುಟ್ಟ ವೈರು), ಸುಮಾರು ಸಾವಿರ ರೂಪಾಯಿ ಒಳಗೆ ಸಿಗೋದು. ಎರಡು, ಶಾನ್ಲಿಂಗ್ ಎಮ್0 ಪ್ರೊ, 37 ಗ್ರಾಂ ಹತ್ರ ತೂಕದ ಪುಟ್ಟ ಮ್ಯೂಸಿಕ್ ಪ್ಲೇಯರ್ ಡಬ್ಬಿ, 1.54 ಇಂಚಿನ ಟಚ್ ಸ್ಕ್ರೀನು. ಮೂರು, ಸೋನಿ ವಾಕ್‌ಮನ್ ಎ306, 2023ರಲ್ಲಿ ಬಂದಿದ್ದು, ಆಂಡ್ರಾಯ್ಡ್ ಇರೋದು, ಇಲ್ಲಿ ಬಿಡುಗಡೆ ಆದಾಗ 26 ಸಾವಿರದ ಆಸುಪಾಸು. ಮೂರರಲ್ಲೂ ಅವೇ ಫ್ಲಾಕ್ ಫೈಲುಗಳು (ಸೌಂಡಲ್ಲಿ ಏನೂ ಕಳೀದೆ ಸೈಜ್ ಕಮ್ಮಿ ಮಾಡಿದ ಫೈಲು). ಹೆಡ್‌ಫೋನ್ ಎರಡು: ಒಂದು ಮಾಮೂಲಿ ಸಿಂಗಲ್ ಡ್ರೈವರ್ (ಒಂದೊಂದು ಕಿವಿಗೆ ಒಂದೇ ಪುಟ್ಟ ಸ್ಪೀಕರ್ ಇರೋ) ಇಯರ್‌ಫೋನು, ಇನ್ನೊಂದು ಮನೇಲಿ ಕೂತು ಕೇಳೋಕೆ 300 ಓಮ್‌ನ (ಓಮ್ ಅಂದ್ರೆ ವಿದ್ಯುತ್ ಪ್ರತಿರೋಧದ ಅಳತೆ) ಸೆನ್‌ಹೈಸರ್ ಎಚ್‌ಡಿ 600.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಲೇಬೇಕು. ಎರಡು ಪ್ಲೇಯರ್ ಹೋಲಿಸುವಾಗ ಒಂದರ ಸೌಂಡ್ ಒಂದೇ ಒಂದು ಡೆಸಿಬಲ್ ಜಾಸ್ತಿ ಇದ್ರೂ ಸಾಕು, ನಮ್ಮ ಕಿವಿ ಅದನ್ನ ಜೋರಾಗಿದೆ ಅಂತ ಗುರುತಿಸಲ್ಲ, "ಕ್ಲಿಯರ್ ಆಗಿದೆ, ಡೀಟೇಲ್ ಜಾಸ್ತಿ ಇದೆ" ಅಂತ ತಿಳ್ಕೊಳ್ಳುತ್ತೆ. ಅಂಗಡೀಲಿ ಐದು ನಿಮಿಷ ಕೇಳಿ ತಗೊಳ್ಳೋರು ಮೋಸ ಹೋಗೋದು ಇಲ್ಲೇ. ಅದಕ್ಕೆ 1000 ಹರ್ಟ್ಸ್ ಟೋನ್ ಫೈಲ್ ಪ್ಲೇ ಮಾಡಿ, ಮಲ್ಟಿಮೀಟರ್ ಎಸಿ ವೋಲ್ಟಲ್ಲಿ ಇಟ್ಟು, ಹೆಡ್‌ಫೋನ್ ಹಾಕಿದ ಹಾಗೇ ಮೂರರ ಲೆವೆಲ್ಲೂ ಆದಷ್ಟು ಸಮ ಮಾಡ್ಕೊಂಡೆ, ಆಮೇಲೆ ಯಾವುದು ಅಂತ ನಂಗೆ ಹೇಳದೆ ಬದಲಾಯಿಸೋಕೆ ಗೆಳೆಯನ್ನ ಕೂರಿಸ್ಕೊಂಡೆ.

ಇಯರ್‌ಫೋನಲ್ಲಿ ನಂಗೆ ವ್ಯತ್ಯಾಸ ಸಿಗ್ಲಿಲ್ಲ. ಸೋನಿದು ಅಂತ ಅನ್ಕೊಂಡಿದ್ದು ಡಾಂಗಲ್ ಆಗಿರ್ತಿತ್ತು, ಡಾಂಗಲ್ ಅಂದಿದ್ದು ಶಾನ್ಲಿಂಗ್ ಆಗಿರ್ತಿತ್ತು. ತಂಬೂರಿ ನಾದ, ಮನ್ಸೂರರು ತಾನಿನ ಮಧ್ಯೆ ಉಸಿರು ತಗೊಳ್ಳೋದು, ಮೃದಂಗದ ಎಡಭಾಗದ ಗುಂಕಾರ ಎಲ್ಲಾ ಮೂರರಲ್ಲೂ ಇದೆ. ಶಾನ್ಲಿಂಗಲ್ಲಿ ಇಎಸ್ಎಸ್ ಕಂಪನಿಯ ಎರಡು ಡ್ಯಾಕ್ (ಡಿಜಿಟಲ್ ಫೈಲನ್ನ ಅನಲಾಗ್ ಸೌಂಡಿಗೆ ಬದಲಾಯಿಸೋ ಚಿಪ್ಪು) ಇದೆ, ಸೋನಿದು ಅವರದೇ ಎಸ್-ಮಾಸ್ಟರ್ ಡಿಜಿಟಲ್ ಆಂಪ್ಲಿಫೈಯರ್, ಡಾಂಗಲ್ಲಲ್ಲಿ ಬೆರಳು ಉಗುರಿಗಿಂತ ಚಿಕ್ಕ ಚಿಪ್ಪು, ಆದ್ರೆ ಈಗಿನ ಚಿಪ್ಪುಗಳು ಕಿವಿಗೆ ಸಾಕಾಗೋದಕ್ಕಿಂತ ಮುಂದೆ ಹೋಗಿವೆ. ಹಾಗಾಗಿ ಡ್ಯಾಕ್ ಹೆಸರು ನೋಡಿ ಹದಿನೈದು ಸಾವಿರ ಜಾಸ್ತಿ ಹಾಕೋ ಬದಲು ಆ ದುಡ್ಡು ಹೆಡ್‌ಫೋನಿಗೆ ಹಾಕಿ, ಅಲ್ಲಿ ಕೊಟ್ಟ ದುಡ್ಡು ನೇರ ಕಿವಿಗೆ ಸೇರುತ್ತೆ. ಇದನ್ನ ನಾನು ತುಂಬಾ ಖಚಿತವಾಗಿ ಹೇಳ್ತೀನಿ.

ಎಚ್‌ಡಿ 600 ಹಾಕಿದಾಗ ಮಾತ್ರ ಕಥೆ ಬೇರೆ. ಹಳೇ ರೇಡಿಯೋ ರೆಕಾರ್ಡಿಂಗುಗಳಲ್ಲಿ ಲೆವೆಲ್ಲೇ ಕಡಿಮೆ ಇರುತ್ತೆ, ಆಲಾಪ ಇನ್ನೂ ಮೆಲ್ಲಗೆ, 300 ಓಮ್ ಹೆಡ್‌ಫೋನಿಗೆ ವೋಲ್ಟೇಜ್ ಬೇಕು. ಶಾನ್ಲಿಂಗ್ ಆರಾಮಾಗಿ ಎಳೀತು, ಇನ್ನೂ ವಾಲ್ಯೂಮ್ ಉಳೀತು. ಸೋನಿಯಲ್ಲಿ 16 ಓಮಿಗೆ 35 ಮಿಲಿವ್ಯಾಟ್ ಔಟ್‌ಪುಟ್ಟು, ಇಯರ್‌ಫೋನಿಗೆ ಧಾರಾಳ, ಎಚ್‌ಡಿ 600ಗೆ ಮೇಲ್ಗಡೆವರೆಗೂ ಏರಿಸ್ಬೇಕು. ಆಪಲ್ ಡಾಂಗಲ್ ಬಗ್ಗೆ ಗೊತ್ತಿರೋ ವಿಷಯ ಅಂದ್ರೆ ಬಹಳಷ್ಟು ಆಂಡ್ರಾಯ್ಡ್ ಫೋನಲ್ಲಿ ಅದು ಪೂರ್ತಿ ವಾಲ್ಯೂಮ್ ಕೊಡಲ್ಲ, ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೊ ಥರ ತನ್ನದೇ ಡ್ರೈವರ್ (ಡಾಂಗಲ್ ನಡೆಸೋ ಸಾಫ್ಟ್‌ವೇರ್) ಇರೋ ಆಪ್ ಹಾಕಿದ್ರೆ ಸರಿಹೋಗುತ್ತೆ, ಐಫೋನ್ 15 ಮತ್ತು ಆಮೇಲಿನವುಗಳಲ್ಲಿ ಈ ತಾಪತ್ರಯ ಇಲ್ಲ.

ಈಗ ಬೇರೆಯವರು ಅಷ್ಟಾಗಿ ಹೇಳದೇ ಇರೋ ವಿಷಯ, ಗ್ಯಾಪ್‌ಲೆಸ್, ಅಂದ್ರೆ ಒಂದು ಟ್ರ್ಯಾಕಿಂದ ಇನ್ನೊಂದಕ್ಕೆ ಮಧ್ಯೆ ಮೌನ ಇಲ್ಲದೆ ಹೋಗೋದು. ನಮ್ಮ ಸಂಗೀತಕ್ಕೆ ಇದು ಬೇಕೇಬೇಕು. ಸಿಡಿಯಲ್ಲಿ ವಿಲಂಬಿತ್ (ನಿಧಾನ ಗತಿಯ ಭಾಗ) ಒಂದು ಟ್ರ್ಯಾಕು, ದ್ರುತ್ (ವೇಗದ ಭಾಗ) ಇನ್ನೊಂದು, ಕರ್ನಾಟಕ ಕಚೇರಿಯಲ್ಲಿ ಆಲಾಪನೆ, ಕೃತಿ, ತನಿ ಆವರ್ತನ ಬೇರೆಬೇರೆ ಟ್ರ್ಯಾಕು, ಆದ್ರೆ ಹಿಂದೆ ತಂಬೂರಿ ನಿಲ್ಲೋದೇ ಇಲ್ವಲ್ಲ. ಅಲ್ಲಿ ಅರ್ಧ ಸೆಕೆಂಡ್ ಮೌನ ಬಂದ್ರೆ ನಡೀತಾ ಇರೋವಾಗ ಮೆಟ್ಟಿಲು ತಪ್ಪಿದ ಹಾಗೆ ಆಗುತ್ತೆ. ಎಂಪಿ3ಯಲ್ಲಿ ಫ್ರೇಮ್ ಲೆಕ್ಕದಲ್ಲಿ ಎನ್ಕೋಡ್ ಆಗೋದ್ರಿಂದ ಶುರುವಲ್ಲೂ ಕೊನೇಲೂ ಖಾಲಿ ಜಾಗ ಸೇರ್ಕೊಳ್ಳುತ್ತೆ, ಫ್ಲಾಕಲ್ಲಿ ಅದಿಲ್ಲ, ಅದಕ್ಕೇ ನಾನು ಫ್ಲಾಕ್ ಹಿಡ್ಕೊಂಡಿರೋದು, ಸೌಂಡ್ ಕ್ವಾಲಿಟಿ ಎರಡನೇ ಕಾರಣ. ಶಾನ್ಲಿಂಗೂ ಸೋನಿಯ ಸ್ವಂತ ಮ್ಯೂಸಿಕ್ ಆಪೂ ಇದನ್ನ ಸರಿಯಾಗಿ ಮಾಡ್ತವೆ, ಫೋನಲ್ಲಿ ಆಪ್ ಮೇಲೆ ಅವಲಂಬನೆ. ಯಾವುದೇ ಪ್ಲೇಯರ್ ತಗೊಳ್ಳೋ ಮುಂಚೆ ನಿಮ್ಮದೇ ಒಂದು ಕಚೇರಿಯ ಎರಡು ಟ್ರ್ಯಾಕ್ ಕಾರ್ಡಲ್ಲಿ ಹಾಕ್ಕೊಂಡು ಹೋಗಿ ಆ ಜೋಡಣೆ ಜಾಗ ಕೇಳಿ.

ಬಳಸೋದರಲ್ಲಿ ಸೋನಿಗೆ ನಾನು ಮನಸೋತಿದ್ದೀನಿ. ಪಕ್ಕದಲ್ಲಿ ನಿಜವಾದ ಬಟನ್ನುಗಳು, ಪ್ಲೇ, ಹಿಂದೆ, ಮುಂದೆ, ವಾಲ್ಯೂಮ್, ಜೊತೆಗೆ ಹೋಲ್ಡ್ ಸ್ವಿಚ್. ರಾತ್ರಿ ರೈಲಲ್ಲಿ ಹೊದಿಕೆ ಒಳಗೇ ಕೈಯಲ್ಲೇ ಎಲ್ಲಾ ಮಾಡಬಹುದು. ಫ್ಲಾಕಿಗೆ ಕಂಪನಿ ಹೇಳೋದು 36 ಗಂಟೆ, ವೈಫೈ ಆಫ್ ಇಟ್ರೆ ನಂಗೆ ಚಾರ್ಜ್ ಬಗ್ಗೆ ಯೋಚ್ನೇನೇ ಬರಲ್ಲ. ಆಂಡ್ರಾಯ್ಡ್ ಆಗಿರೋದ್ರಿಂದ ಹಾಡಿನ ಹೆಸರು ಕನ್ನಡದಲ್ಲೇ ಬರ್ಕೊಂಡಿದ್ರೂ ಸರಿಯಾಗಿ ಕಾಣುತ್ತೆ. ಸ್ಟ್ರೀಮಿಂಗೂ ಆಗುತ್ತೆ, ಆದ್ರೆ ಫೋನಿನ ವೇಗ ನಿರೀಕ್ಷೆ ಮಾಡ್ಬೇಡಿ.

ಶಾನ್ಲಿಂಗಲ್ಲಿ ವೈಫೈ ಇಲ್ಲ, ಒಳಗೆ ಸ್ಟೋರೇಜೂ ಇಲ್ಲ, ಮೈಕ್ರೋಎಸ್‌ಡಿ ಕಾರ್ಡ್ ಹಾಕ್ಲೇಬೇಕು. ಇದನ್ನ ಕೊರತೆ ಅನ್ನೋರು ಅನ್ಲಿ, ನೋಟಿಫಿಕೇಶನ್ ಬರದೇ ಇರೋ ಡಬ್ಬೀಲಿ ಒಂದು ಗಂಟೆ ಖಯಾಲ್ ಪೂರ್ತಿ ಕೇಳೋಕೆ ಆಗುತ್ತೆ, ಫೋನಲ್ಲಿ ಅದು ನನ್ನ ಕೈಲಿ ಆಗ್ತಿಲ್ಲ. ಸ್ಕ್ರೀನ್ ಮಾತ್ರ ದೊಡ್ಡ ಬೆರಳಿನವರಿಗೆ ಕಷ್ಟ, ಐನೂರು ಆಲ್ಬಮ್ ಇದ್ರೆ ಫೋಲ್ಡರ್ ಚೆನ್ನಾಗಿ ಜೋಡಿಸಿಡಬೇಕು. ವಾಲ್ಯೂಮ್ ತಿರುಗಿಸೋ ಗುಂಡಿ ಬಹಳ ಇಷ್ಟ ಆಯ್ತು.

ಬ್ಲೂಟೂತ್ ಇಯರ್‌ಬಡ್ಡಲ್ಲೇ ಕೇಳೋರಾದ್ರೆ ಈ ಯಾವುದೂ ಬೇಡ. ಡಿಜಿಟಲ್ಲಿಂದ ಅನಲಾಗಿಗೆ ಬದಲಾಯಿಸೋ ಚಿಪ್ಪು ಆ ಬಡ್ಡಿನ ಒಳಗೇ ಇರುತ್ತೆ, ಪ್ಲೇಯರಿನ ಆಂಪ್ಲಿಫೈಯರ್ ಸುಮ್ನೆ ಕೂತಿರುತ್ತೆ.

ವೈರ್ ಇರೋ ಇಯರ್‌ಫೋನು, ಕೈಯಲ್ಲಿ ಫೋನು ಇದೆ ಅಂದ್ರೆ ಮೊದಲು ಡಾಂಗಲ್ ತಗೊಳ್ಳಿ, ಒಂದು ತಿಂಗಳು ಕೇಳಿ. ಫೋನ್ ಬಿಟ್ಟು ಬೇರೆ ಬೇಕೇಬೇಕು ಅನ್ಸಿದ್ರೆ ಶಾನ್ಲಿಂಗ್. ದಿನಾ ನಾಲ್ಕೈದು ಗಂಟೆ ಓಡಾಟದಲ್ಲೇ ಕೇಳೋರು, ಬಟನ್ ಬೇಕು, ಬಜೆಟ್ಟೂ ಇದೆ ಅಂದ್ರೆ ಸೋನಿ, ಆದ್ರೆ ದೊಡ್ಡ ಹೆಡ್‌ಫೋನ್ ಇದ್ರೆ ಅದರ ಜೊತೆನೇ ಒಂದ್ಸಲ ಕೇಳದೆ ದುಡ್ಡು ಕೊಡ್ಬೇಡಿ.