ಹಳದಿ ದೀಪ ಹೇಳುವುದೇನು: ಡಿಎಸ್‌ಸಿ ಪಿಸಿ1832 ಅಲಾರಂ, ಎಂಟು ವರ್ಷದ ಬಳಕೆಯ ನಂತರ

ಶಿರಸಿ ಸಮೀಪದ ನಮ್ಮ ಮನೆಗೂ ಅದಕ್ಕೆ ಹೊಂದಿಕೊಂಡಿರುವ ಅಡಿಕೆ ಗೋದಾಮಿಗೂ 2017ರಲ್ಲಿ ಡಿಎಸ್‌ಸಿ ಪವರ್ ಸೀರೀಸ್‌ನ ಪಿಸಿ1832 ಪ್ಯಾನೆಲ್ (ಕಳ್ಳತನದ ಎಚ್ಚರಿಕೆ ಕೊಡುವ ಅಲಾರಂನ ಮುಖ್ಯ ಪೆಟ್ಟಿಗೆ) ಹಾಕಿಸಿದೆವು. ಬೋರ್ಡಿನಲ್ಲೇ 8 ಜೋನ್‌ಗಳು, ಅಂದರೆ ಬೇರೆಬೇರೆಯಾಗಿ ಕಾಯುವ ಬಾಗಿಲು ಅಥವಾ ಸೆನ್ಸರಿನ ತಂತಿಗಳಿಗೆ ಜಾಗಗಳಿವೆ, ಬೇಕೆಂದರೆ 32ರವರೆಗೆ ವಿಸ್ತರಿಸಬಹುದು. ನಮಗೆ ಆರು ಸಾಕಾದವು. ಸೈರನ್ ಎಷ್ಟು ಜೋರು ಎಂಬುದನ್ನು ಅಂಗಡಿಯವರೇ ಹೇಳುತ್ತಾರೆ. ನಾನು ಬರೆಯಲು ಹೊರಟಿರುವುದು ಈ ಯಂತ್ರ ತನ್ನ ಸ್ಥಿತಿಗತಿಯ ಬಗ್ಗೆ ತಾನೇ ಕೊಡುವ ಸೂಚನೆಗಳ ಕುರಿತು, ಏಕೆಂದರೆ ಇಷ್ಟು ವರ್ಷಗಳಲ್ಲಿ ಕಳ್ಳರು ಬಂದರೆಂದು ಇದು ಒಮ್ಮೆಯೂ ಕೂಗಿಲ್ಲ, ತನಗೇ ಏನೋ ಆಗಿದೆಯೆಂದು ಮಾತ್ರ ಹತ್ತಾರು ಸಲ ಕರೆದಿದೆ.

ಕೀಪ್ಯಾಡಿನಲ್ಲಿ ಮುಖ್ಯವಾಗಿ ಗಮನಿಸಬೇಕಾದವು ರೆಡಿ, ಆರ್ಮ್ಡ್ ಮತ್ತು ಟ್ರಬಲ್ ಎಂಬ ದೀಪಗಳು. ರೆಡಿ ದೀಪ ಹತ್ತಲಿಲ್ಲವೆಂದ ಮಾತ್ರಕ್ಕೆ ವ್ಯವಸ್ಥೆ ಕೆಟ್ಟಿದೆಯೆಂದಲ್ಲ. ಎಲ್ಲೋ ಒಂದು ಬಾಗಿಲು ಸರಿಯಾಗಿ ಮುಚ್ಚಿಲ್ಲ, ಅಷ್ಟೆ. ಆಷಾಢದ ಮಳೆಗೆ ನಮ್ಮ ಹಿತ್ತಲ ಬಾಗಿಲಿನ ಮರ ಉಬ್ಬಿ, ಚೌಕಟ್ಟಿನೊಳಗೆ ಪೂರ್ತಿ ಕೂರದೆ, ಬಾಗಿಲಿನ ಮ್ಯಾಗ್ನೆಟ್ಟಿಗೂ ಅದು ಹತ್ತಿರವಿದ್ದರೆ ಬಾಗಿಲು ಮುಚ್ಚಿದೆಯೆಂದು ತಿಳಿಯುವ ರೀಡ್ ಸ್ವಿಚ್ಚಿಗೂ ನಡುವಿನ ಅಂತರ ಹೆಚ್ಚಾಗಿ ಪ್ರತಿವರ್ಷ ಇದೇ ಆಗುತ್ತದೆ. ಹಳದಿ ಬಣ್ಣದ ಟ್ರಬಲ್ ದೀಪದ ಮಾತು ಬೇರೆ. ಅದರ ಜೊತೆಗೆ 10 ಸೆಕೆಂಡಿಗೊಮ್ಮೆ ಎರಡು ಸಣ್ಣ ಬೀಪ್ ಕೇಳಿಸುತ್ತದೆ. ಹ್ಯಾಶ್ ಒತ್ತಿದರೆ ಬೀಪ್ ನಿಲ್ಲುತ್ತದೆ, ದೀಪ ಆರುವುದಿಲ್ಲ. ಕಾರಣ ತಿಳಿಯಬೇಕಾದರೆ ಸ್ಟಾರ್ ಒತ್ತಿ 2 ಒತ್ತಬೇಕು; ಆಗ ಜೋನ್ ದೀಪಗಳೇ ದೋಷದ ಸಂಖ್ಯೆಗಳಾಗಿ ಹತ್ತುತ್ತವೆ. 1 ಎಂದರೆ ಸರ್ವಿಸ್ ಬೇಕು (ಬ್ಯಾಟರಿ, ಸೈರನ್ ಮುಂತಾದವು ಇದರೊಳಗೆ ಬರುತ್ತವೆ), 2 ಎಂದರೆ ಕರೆಂಟಿಲ್ಲ, 3 ಫೋನ್ ಲೈನ್, 4 ಸಂದೇಶ ತಲುಪಿಲ್ಲ, 5 ಜೋನ್ ದೋಷ, 6 ಟ್ಯಾಂಪರ್ (ತಂತಿ ತುಂಡಾಗಿದೆ ಅಥವಾ ಯಾರೋ ಕೈಯಾಡಿಸಿದ್ದಾರೆ), 7 ವೈರ್‌ಲೆಸ್ ಉಪಕರಣದ ಬ್ಯಾಟರಿ, 8 ಗಡಿಯಾರ ತಪ್ಪಿದೆ. ಇಷ್ಟನ್ನು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದು ಕೀಪ್ಯಾಡಿನ ಮುಚ್ಚಳದೊಳಗೆ ಅಂಟಿಸಿದ್ದೇನೆ. ಅಮ್ಮನೂ ಅದನ್ನು ಓದಿ ನನಗೆ ಫೋನಿನಲ್ಲಿ ಹೇಳಬಲ್ಲರು.

ಈ ಪಟ್ಟಿಯಲ್ಲಿ ತೀರಾ ಸಾಧಾರಣವಾಗಿ ಕಾಣುವ 8ನೇ ಸಂಖ್ಯೆಯೇ ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿತು. 2021ರ ಮಳೆಗಾಲದಲ್ಲಿ ಮೂರು ದಿನ ಹುಬ್ಬಳ್ಳಿಗೆ ಹೋಗಿ ಬಂದಾಗ ಹಳದಿ ದೀಪ ಹತ್ತಿತ್ತು. ಕರೆಂಟ್ ಇತ್ತು, 8 ಒಂದೇ ಕಾಣುತ್ತಿತ್ತು. ಸರ್ವಿಸ್‌ನವರಿಗೆ ಕೇಳಿದರೆ, ‘ಟೈಮ್ ಸೆಟ್ ಮಾಡಿ, ಸರಿಹೋಗುತ್ತದೆ’ ಎಂದರು. ಸ್ಟಾರ್ 6, ಮಾಸ್ಟರ್ ಕೋಡ್, 1 ಒತ್ತಿ ಸಮಯ ಮತ್ತು ದಿನಾಂಕ ಕೊಟ್ಟ ಕೂಡಲೇ ದೀಪ ಆರಿತು. ಆದರೆ ಗಡಿಯಾರ ತಪ್ಪಬೇಕಾದರೆ ಪ್ಯಾನೆಲ್ ಪೂರ್ತಿಯಾಗಿ ನಿಂತಿರಬೇಕಲ್ಲವೇ? ಕರೆಂಟ್ ಹೋದದ್ದು ಒಂದೇ ರಾತ್ರಿ ಎಂದು ಪಕ್ಕದ ಮನೆಯವರು ಹೇಳಿದರು. ನಮ್ಮ ಪ್ಯಾನೆಲ್, ಕೀಪ್ಯಾಡ್, ಸೆನ್ಸರ್‌ಗಳೆಲ್ಲ ಸೇರಿ ಎಳೆಯುವುದು ಸುಮಾರು 250 ಮಿಲಿಆಂಪ್. 12 ವೋಲ್ಟ್, 7 ಆಂಪ್‌ಅವರ್‌ನ ಬ್ಯಾಟರಿ ಲೆಕ್ಕದ ಪ್ರಕಾರ ಒಂದು ಹಗಲು, ಒಂದು ರಾತ್ರಿ ತಡೆಯಬೇಕು. ಮರುದಿನ ಮಲ್ಟಿಮೀಟರ್ ಹಿಡಿದು ಕೂತೆ. ಚಾರ್ಜ್ ಆಗುತ್ತಿರುವಾಗ ಬ್ಯಾಟರಿ 13.6 ವೋಲ್ಟ್ ತೋರಿಸಿತು. ಪ್ಯಾನೆಲ್ಲಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಇಳಿಸಿದ ಇಪ್ಪತ್ತೇ ನಿಮಿಷದಲ್ಲಿ 10.9ಕ್ಕೆ ಕುಸಿಯಿತು. ಲೋಡ್ ಇದ್ದಾಗ 11.5ಕ್ಕಿಂತ ಕೆಳಗಿಳಿದರೆ ಪ್ಯಾನೆಲ್ ಬ್ಯಾಟರಿ ದೋಷವನ್ನು ತಿಳಿಸುತ್ತದೆ; ಆ ರಾತ್ರಿಯೂ ತಿಳಿಸಿರಬೇಕು, ಕೇಳುವವರು ಮನೆಯಲ್ಲಿರಲಿಲ್ಲ. ಕರೆಂಟ್ ಬಂದ ಮೇಲೆ ಉಳಿದದ್ದು 8 ಮಾತ್ರ. ಅಡಿಕೆ ತುಂಬಿದ ಗೋದಾಮು ಕಾವಲಿಲ್ಲದೆ ಬೆಳಗು ಮಾಡಿತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ. ಗಡಿಯಾರ ಸರಿಪಡಿಸಿ ಸುಮ್ಮನಾಗಿದ್ದರೆ ಆ ಸಾಕ್ಷಿಯನ್ನೂ ನಾನೇ ಅಳಿಸಿದಂತಾಗುತ್ತಿತ್ತು.

ಇನ್ನೊಂದು ವಿಷಯವನ್ನು ಅಳವಡಿಸಿಕೊಳ್ಳುವವರೆಲ್ಲ ತಿಳಿದಿರಬೇಕು. ಪ್ಯಾನೆಲ್ ಪ್ರತಿಯೊಂದು ಜೋನ್ ತಂತಿಯ ರೋಧವನ್ನು ಅಳೆಯುತ್ತಲೇ ಇರುತ್ತದೆ. ಎರಡು ರೆಸಿಸ್ಟರ್‌ಗಳ (ನಿಗದಿತ ರೋಧದ ಸಣ್ಣ ಬಿಡಿಭಾಗಗಳ) ಜೋಡಣೆಯಲ್ಲಿ 5,600 ಓಮ್ ಕಂಡರೆ ಎಲ್ಲ ಸರಿ, 11,200 ಆದರೆ ಬಾಗಿಲು ತೆರೆದಿದೆ, ಸೊನ್ನೆಯಾದರೆ ತಂತಿ ಶಾರ್ಟ್ ಆಗಿದೆ, ಅಳತೆಗೇ ಸಿಗದಿದ್ದರೆ ತಂತಿ ತುಂಡಾಗಿದೆ. ಇದು ಕೆಲಸ ಮಾಡಬೇಕಾದರೆ ರೆಸಿಸ್ಟರ್‌ಗಳು ಸೆನ್ಸರಿನ ತುದಿಯಲ್ಲಿರಬೇಕು. ನಮ್ಮಲ್ಲಿ ಮೊದಲು ಅಳವಡಿಸಿದವರು ಜೋನಿಗೆ ಒಂದರಂತೆ ಹಸಿರು, ನೀಲಿ, ಕೆಂಪು ಪಟ್ಟಿಯ ರೆಸಿಸ್ಟರ್‌ಗಳನ್ನು ಪ್ಯಾನೆಲ್ ಪೆಟ್ಟಿಗೆಯೊಳಗೇ ಸಾಲಾಗಿ ಸಿಕ್ಕಿಸಿ ಹೋಗಿದ್ದರು. ದಾರಿಯಲ್ಲೆಲ್ಲೋ ತಂತಿಗಳೆರಡು ಒಂದಕ್ಕೊಂದು ತಾಗಿದರೂ ಪ್ಯಾನೆಲ್ಲಿಗೆ ಬಾಗಿಲು ಮುಚ್ಚಿದಂತೆಯೇ ಕಾಣುತ್ತಿತ್ತು. ಹಣ ಪೂರ್ತಿ ತೆಗೆದುಕೊಂಡು ಅರ್ಧ ಕಾವಲು ಕೊಡುವ ಈ ಪದ್ಧತಿ ಅಕ್ಷಮ್ಯ. 2019ರಲ್ಲಿ ಬೇರೊಬ್ಬ ತಂತ್ರಜ್ಞರಿಂದ ಎಲ್ಲವನ್ನೂ ಸೆನ್ಸರಿನ ತುದಿಗೆ ಒಯ್ದು ಜೋಡಿ ರೆಸಿಸ್ಟರ್ ಹಾಕಿಸಿದೆ. ಮರುವರ್ಷವೇ 6 ಹತ್ತಿತು. 6ನ್ನು ಒತ್ತಿದಾಗ ನಾಲ್ಕನೇ ಜೋನ್ ಕಾಣಿಸಿತು. ಗೋದಾಮಿನ ಷಟರನ್ನು ಮತ್ತೆ ಮತ್ತೆ ಎಳೆದು ನೋಡುವ ಬದಲು ನೇರ ಅಟ್ಟ ಹತ್ತಿದೆ. ಇಲಿ ಕಡಿದ ತಂತಿಯ ತಾಮ್ರ ಟಾರ್ಚಿನ ಬೆಳಕಿಗೆ ಹೊಳೆಯುತ್ತಿತ್ತು.

ಸ್ಥಿರ ದೂರವಾಣಿಯನ್ನು ತೆಗೆಸಿದ ಮೇಲೆ 3ನೇ ದೋಷ ತಿಂಗಳುಗಟ್ಟಲೆ ಹಾಗೆಯೇ ಉಳಿದಿತ್ತು. ಹಳದಿ ದೀಪ ಸದಾ ಹತ್ತಿರುವ ಮನೆಯಲ್ಲಿ ಹೊಸ ದೋಷ ಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೊಬೈಲ್ ಜಾಲದ ಮೂಲಕ ಸಂದೇಶ ಕಳಿಸುವ ಮಾಡ್ಯೂಲ್ ಹಾಕಿಸಿ, ಪ್ರೋಗ್ರಾಮಿನಲ್ಲಿ ಫೋನ್ ಲೈನಿನ ನಿಗಾವಣೆಯನ್ನು ತೆಗೆಸಿದ ಮೇಲಷ್ಟೇ ಆ ದೀಪಕ್ಕೆ ಮತ್ತೆ ಬೆಲೆ ಬಂತು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಸ್ಟಾರ್ 6, ಮಾಸ್ಟರ್ ಕೋಡ್, 4 ಒತ್ತುತ್ತೇನೆ. ಸೈರನ್ 2 ಸೆಕೆಂಡ್ ಕೂಗಿ, ಕೀಪ್ಯಾಡಿನ ದೀಪಗಳೆಲ್ಲ ಹತ್ತುತ್ತವೆ. ಆಮೇಲೆ ಎಂಸಿಬಿ ಇಳಿಸಿ ಒಂದು ಗಂಟೆ ಬ್ಯಾಟರಿಯ ಮೇಲೇ ಬಿಡುತ್ತೇನೆ. ಈಗಿರುವ ಬ್ಯಾಟರಿಯ ಮೇಲೆ ಹಾಕಿದ ದಿನಾಂಕವನ್ನು ಮಾರ್ಕರಿನಲ್ಲಿ ಬರೆದಿದ್ದೇನೆ. ಕಳೆದ ಪರೀಕ್ಷೆಯಲ್ಲಿ ಒಂದು ಗಂಟೆಯ ಕೊನೆಗೆ 12.1 ಇತ್ತು, ಅದಕ್ಕೂ ಹಿಂದಿನದರಲ್ಲಿ 12.3. ದೀಪಾವಳಿಗೆ ಮುಂಚೆ ಹೊಸದನ್ನು ತರುತ್ತೇನೆ.