ಹಳೆಯ ಗಾಗಿಯಾ ಕ್ಲಾಸಿಕ್ಕೋ, ರಾಂಚಿಲಿಯೋ ಸಿಲ್ವಿಯಾವೋ?

ಇಟಲಿಯ ಈ ಎರಡೂ ಎಸ್ಪ್ರೆಸೊ ಯಂತ್ರಗಳನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿದ್ದವರು ಮನೆಯಲ್ಲೇ ಬಿಚ್ಚಿ ಜೋಡಿಸಬಹುದು. ಮುಖ್ಯ ವ್ಯತ್ಯಾಸವಿರುವುದು ಬಾಯ್ಲರಿನಲ್ಲಿ.

ಹಳೆಯ ಕ್ಲಾಸಿಕ್‌ನದು ಸುಮಾರು 100 ಮಿಲಿಲೀಟರಿನ ಪುಟ್ಟ ಅಲ್ಯೂಮಿನಿಯಂ ಬಾಯ್ಲರ್. ಬೇಗ ಕಾಯುತ್ತದೆ, ಹಬೆಯೂ ಅಷ್ಟೇ ಬೇಗ ಸೊರಗುತ್ತದೆ. ಕೊಳವೆಬಾವಿಯ ಗಡಸು ನೀರು ಕುಡಿದ ಯಂತ್ರವಾದರೆ ಒಂದು ಲಕ್ಷಣವನ್ನು ಗಮನಿಸಿ: ಪಂಪು ಗುಂಯ್‌ಗುಡುತ್ತದೆ, ಹಬೆಯ ನಳಿಕೆಯಿಂದ ನೀರು ಬರುತ್ತದೆ, ಕಾಫಿ ಇಳಿಯಬೇಕಾದ ಕಡೆ ಮಾತ್ರ ಹನಿಯಿಲ್ಲ. ಹೆದರಬೇಡಿ. ಪ್ಲಗ್ ಕಿತ್ತು, ಯಂತ್ರ ಆರಿದ ಮೇಲೆ ಸೊಲೆನಾಯ್ಡ್ ಕವಾಟ (ಕಾಫಿಗೆ ಹೋಗುವ ನೀರನ್ನು ವಿದ್ಯುತ್ತಿನಿಂದ ಬಿಟ್ಟು ತಡೆಯುವ ಭಾಗ) ಬಿಚ್ಚಿದರೆ ಸಾಸಿವೆಯಷ್ಟು ಸುಣ್ಣದ ಚೂರು ಸಿಕ್ಕಿಕೊಂಡಿರುವುದು ಬಹಳ ಸಾಮಾನ್ಯ. ಆದರೆ ಹೀಟರ್ ಸುಟ್ಟಿದ್ದರೆ ಬಾಯ್ಲರನ್ನೇ ಬದಲಿಸಬೇಕು. ಸ್ವಿಚ್ ಹಾಕಿದೊಡನೆ ಮನೆಯ ಟ್ರಿಪ್ಪರ್ ಬಿದ್ದು ಕರೆಂಟ್ ಹೋಗುತ್ತಿದ್ದರೆ ಆ ಯಂತ್ರವನ್ನು ಬಿಟ್ಟುಬಿಡಿ.

ಸಿಲ್ವಿಯಾದ್ದು ಹಿತ್ತಾಳೆಯ ಬಾಯ್ಲರ್, ಸುಮಾರು 300 ಮಿಲಿಲೀಟರ್. ಹಾಲಿಗೆ ಹಬೆ ಧಾರಾಳ. ತೂಕ ಹದಿನಾಲ್ಕು ಕಿಲೋ, ಸರಿಯಾಗಿ ಕಾಯಲು ಅರ್ಧ ಗಂಟೆಯಾದರೂ ಬೇಕು. ಕೊಳ್ಳುವ ಮುನ್ನ ಅಷ್ಟು ಹೊತ್ತು ಮಾರುವವರ ಮನೆಯಲ್ಲಿ ಕುಳಿತು ನೋಡಿ.

ಕಾಫಿಪುಡಿ ತುಂಬಿ ಯಂತ್ರಕ್ಕೆ ಸಿಕ್ಕಿಸುವ ಹಿಡಿಕೆಯ ಅಂಚಿನಿಂದ ನೀರು ಸೋರುತ್ತಿದ್ದರೆ ಎರಡರಲ್ಲೂ ಕಾರಣ ಸಾಮಾನ್ಯವಾಗಿ ಗಟ್ಟಿಯಾದ ರಬ್ಬರ್ ಗ್ಯಾಸ್ಕೆಟ್. ಅದು ಚಿಕ್ಕ ಖರ್ಚು.

ದಿನಕ್ಕೆ ಒಂದೆರಡು ಕಪ್ ಕುಡಿಯುವವರಿಗೆ ನನ್ನ ಮತ ಕ್ಲಾಸಿಕ್‌ಗೆ. ಮನೆ ತುಂಬ ಹಾಲಿನ ಕಾಫಿ ಕೇಳುವವರಿದ್ದರೆ ಸಿಲ್ವಿಯಾ. ಯಂತ್ರ ಅಮೆರಿಕದ ಬಂಧುಗಳಿಂದ ಬಂದದ್ದಾದರೆ ಹಿಂಬದಿಯ ಫಲಕದಲ್ಲಿ 120 ವೋಲ್ಟ್ ಎಂದಿದೆಯೇ ಎಂದು ಮೊದಲು ಓದಿ; ಹಾಗಿದ್ದರೆ ಅದನ್ನು ನಮ್ಮ ಮನೆಯ ಪ್ಲಗ್‌ಗೆ ನೇರವಾಗಿ ಹಾಕುವಂತಿಲ್ಲ.